ಬೆರಳುದ್ದದ ಕಡ್ಡಿ ಮತ್ತು ಮನೆಯಲ್ಲಿ ಕಟ್ಟಿದ ವಿಮಾನ

ಹವ್ಯಾಸಿಗಳು ತಮ್ಮ ಶೆಡ್ಡಿನಲ್ಲೋ ಗ್ಯಾರೇಜಿನಲ್ಲೋ ಕಟ್ಟಿಕೊಂಡ ಸಣ್ಣ ವಿಮಾನದ ಹೊಟ್ಟೆಯಡಿ ಬಗ್ಗಿ ನೋಡಿದರೆ ಹೆಚ್ಚಿನ ಕಡೆ ಬೆರಳುದ್ದದ ಒಂದು ಲೋಹದ ಕಡ್ಡಿ ಕೆಳಮುಖವಾಗಿ ಚಾಚಿಕೊಂಡಿರುತ್ತದೆ. ಅದರ ತುದಿಯಲ್ಲಿ ಒಂದು ಪುಟ್ಟ ಗುಂಡು. ಇದು ಟ್ರಾನ್ಸ್‌ಪಾಂಡರಿನ ಆಂಟೆನಾ. ನೆಲದ ರೇಡಾರ್ ರೇಡಿಯೋ ಸ್ಪಂದನಗಳ ಮೂಲಕ ಪ್ರಶ್ನೆ ಕಳಿಸಿದಾಗ ವಿಮಾನದೊಳಗಿನ ಟ್ರಾನ್ಸ್‌ಪಾಂಡರ್ ತನ್ನ ಗುರುತಿನ ಸಂಖ್ಯೆಯನ್ನೂ ಎತ್ತರವನ್ನೂ ಇದೇ ಕಡ್ಡಿಯಿಂದ ಹಿಂದಿರುಗಿಸುತ್ತದೆ. ಕಡ್ಡಿಯ ಉದ್ದವನ್ನು ನಿಗದಿ ಮಾಡಿದ್ದು ಎರಡನೇ ಮಹಾಯುದ್ಧ ಮತ್ತು ಅದರ ಬೆನ್ನಿಗೆ ಬಂದ ವರ್ಷಗಳು. ಅದನ್ನು ಪುಟ್ಟ ವಿಮಾನಗಳಿಗೆ ಕಡ್ಡಾಯ ಮಾಡಿದ್ದು ಅಮೆರಿಕದ ಆಕಾಶದಲ್ಲಿ ನಡೆದ ಕೆಲವು ಡಿಕ್ಕಿಗಳು. ಇದರ ಜೊತೆಗೆ ಹವ್ಯಾಸಿಗಳನ್ನು ದಶಕಗಟ್ಟಲೆ ಕಾಡಿದ ಸಂಗತಿ ಇನ್ನೊಂದಿದೆ: ಕಣ್ಣಿಗೆ ಕಾಣುವ ಕಡ್ಡಿ ಆಂಟೆನಾದ ಅರ್ಧ ಭಾಗ ಮಾತ್ರ, ಉಳಿದರ್ಧ ವಿಮಾನದ ಮೈ. ಮೈಯ ವಸ್ತು ಬದಲಾದಾಗಲೆಲ್ಲ ಆ ಉಳಿದರ್ಧವನ್ನು ಹೊಸದಾಗಿ ಕಟ್ಟಬೇಕಾಯಿತು.

1930ರ ದಶಕದ ಕೊನೆಗೆ ಬ್ರಿಟನ್ ತನ್ನ ಕರಾವಳಿಯಲ್ಲಿ ಚೈನ್ ಹೋಮ್ ಎಂಬ ರೇಡಾರ್ ಗೋಪುರಗಳ ಸಾಲನ್ನು ನಿಲ್ಲಿಸಿತು. ಸಮುದ್ರದ ಮೇಲಿಂದ ವಿಮಾನ ಬರುತ್ತಿದೆ ಎಂಬುದನ್ನು ಅದು ತೋರಿಸುತ್ತಿತ್ತು, ಯಾರ ವಿಮಾನ ಎಂಬುದನ್ನು ತೋರಿಸುತ್ತಿರಲಿಲ್ಲ. ಯುದ್ಧ ಘೋಷಣೆಯಾಗಿ ಮೂರನೇ ದಿನ, 1939ರ ಸೆಪ್ಟೆಂಬರ್ 6ರಂದು, ಬ್ರಿಟಿಷ್ ಸ್ಪಿಟ್‌ಫೈರ್‌ಗಳು ಬ್ರಿಟನ್ನಿನದೇ ಎರಡು ಹರಿಕೇನ್ ವಿಮಾನಗಳನ್ನು ಹೊಡೆದುರುಳಿಸಿದವು. ಒಬ್ಬ ಪೈಲಟ್ ಸತ್ತ. ಬಾರ್ಕಿಂಗ್ ಕ್ರೀಕ್ ಕದನ ಎಂದು ಕರೆಸಿಕೊಳ್ಳುವ ಈ ಎಡವಟ್ಟಿನ ಹೊತ್ತಿಗೆ ತನ್ನವರನ್ನು ಗುರುತಿಸುವ ಉಪಕರಣದ ಕೆಲಸ ಶುರುವಾಗಿತ್ತು. ಐಎಫ್‌ಎಫ್ ಎಂಬ ಹೆಸರಿನ ಆ ಉಪಕರಣದ ಮೊದಲ ಮಾದರಿ, ಮಾರ್ಕ್ 1, ಚೈನ್ ಹೋಮ್‌ನ ಸ್ಪಂದನವನ್ನು ಹಿಡಿದು, ಬಲಪಡಿಸಿ, ಅದೇ ಕಂಪನಾಂಕದಲ್ಲಿ ವಾಪಸು ಕಳಿಸುತ್ತಿತ್ತು. ರೇಡಾರ್ ಪರದೆಯ ಮೇಲಿನ ಗುರುತು ಆಗಾಗ ಉಬ್ಬಿ ಇಳಿದರೆ ಅದು ತಮ್ಮವರದು.

ಚೈನ್ ಹೋಮ್ ಕೆಲಸ ಮಾಡುತ್ತಿದ್ದುದು 20ರಿಂದ 30 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಅಂದರೆ ತರಂಗದೂರ 10 ಮೀಟರು ಅಥವಾ ಅದಕ್ಕೂ ಹೆಚ್ಚು. ಅಷ್ಟು ಉದ್ದದ ತರಂಗಕ್ಕೆ ಕಾಲು ಭಾಗದ ಆಂಟೆನಾ ಎಂದರೂ ಎರಡೂವರೆ ಮೀಟರು ಬೇಕು. ಹಾಗಾಗಿ ಮಾರ್ಕ್ 2 ಹೊತ್ತ ಸ್ಪಿಟ್‌ಫೈರ್‌ಗಳಲ್ಲಿ ವಿಮಾನದ ಪಕ್ಕೆಯಿಂದ ಬಾಲರೆಕ್ಕೆಯ ತುದಿಯವರೆಗೆ ಎರಡೂ ಕಡೆ ತಂತಿ ಎಳೆದಿದ್ದರು. ಅದರಿಂದ ವೇಗ ಗಂಟೆಗೆ ಒಂದೆರಡು ಮೈಲಿ ಕಡಿಮೆಯಾಗುತ್ತಿತ್ತು. ಹೊಸ ರೇಡಾರ್‌ಗಳು ಬಂದಂತೆಲ್ಲ ಒಂದೊಂದರ ಕಂಪನಾಂಕಕ್ಕೂ ಉತ್ತರ ಕೊಡುವುದು ಕಷ್ಟವಾಯಿತು. ಫ್ರೆಡರಿಕ್ ವಿಲಿಯಮ್ಸ್ ಎಂಬ ಎಂಜಿನಿಯರ್ ರೂಪಿಸಿದ ಮಾರ್ಕ್ 3 ಈ ಗೋಜಲನ್ನು ಬಿಡಿಸಿತು: ರೇಡಾರ್‌ಗಳ ಕಂಪನಾಂಕ ಏನೇ ಇರಲಿ, ಗುರುತು ಕೇಳಲು 157ರಿಂದ 187 ಮೆಗಾಹರ್ಟ್ಸ್‌ನ ಪ್ರತ್ಯೇಕ ಪಟ್ಟಿ. ಕಂಪನಾಂಕ ಏರಿದ್ದರಿಂದ ಆಂಟೆನಾ ಕುಗ್ಗಿತು. ಬಾಲದ ತಂತಿಗಳು ಹೋಗಿ, ರೆಕ್ಕೆಯ ಕೆಳಗೆ ಮೊಳದಷ್ಟು ಉದ್ದದ ಒಂದು ಸರಳು ಬಂತು. ಗುರುತಿನ ಆಂಟೆನಾ ಕೆಳಮುಖವಾಗಿ ನಿಂತ ಕಡ್ಡಿಯ ರೂಪ ಪಡೆದದ್ದು ಹೀಗೆ.

ಇನ್ನೂ ಮೇಲಿನ ಕಂಪನಾಂಕಕ್ಕೆ ಹೋದದ್ದು ಅಮೆರಿಕದ ನೌಕಾದಳದ ಸಂಶೋಧನಾಲಯ. ಯುದ್ಧದ ನಡುವೆಯೇ ಅಲ್ಲಿ 1000 ಮೆಗಾಹರ್ಟ್ಸ್ ಆಸುಪಾಸಿನ ವ್ಯವಸ್ಥೆಯೊಂದು ರೂಪುಗೊಳ್ಳುತ್ತಿತ್ತು. ಅದರಿಂದ ಬೆಳೆದ ಯುದ್ಧಾನಂತರದ ಮಾರ್ಕ್ 10ರಲ್ಲಿ ಪ್ರಶ್ನೆಗೆ 1030, ಉತ್ತರಕ್ಕೆ 1090 ಮೆಗಾಹರ್ಟ್ಸ್ ಎಂದು ನೆಲೆಗೊಂಡಿತು. ಇಂದಿಗೂ ಜಗತ್ತಿನ ಎಲ್ಲ ಟ್ರಾನ್ಸ್‌ಪಾಂಡರ್‌ಗಳೂ ಈ ಜೋಡಿಯಲ್ಲೇ ಮಾತಾಡುತ್ತವೆ. 1090 ಮೆಗಾಹರ್ಟ್ಸ್ ತರಂಗದ ಉದ್ದ 27.5 ಸೆಂಟಿಮೀಟರ್, ಕಾಲು ಭಾಗ 6.9 ಸೆಂಟಿಮೀಟರ್, 1030ಕ್ಕೆ ಅದೇ ಲೆಕ್ಕ 7.3 ಸೆಂಟಿಮೀಟರ್. ಒಂದೇ ಕಡ್ಡಿ ಎರಡನ್ನೂ ನಿಭಾಯಿಸಬೇಕಾದ್ದರಿಂದ ನಡುವಿನ ಅಳತೆಗೆ ಕತ್ತರಿಸುತ್ತಾರೆ. ತೆಳ್ಳನೆಯ ತಂತಿ ಒಂದೇ ಕಂಪನಾಂಕಕ್ಕೆ ಚೆನ್ನಾಗಿ ಸ್ಪಂದಿಸುತ್ತದೆ. ಕಡ್ಡಿ ದಪ್ಪವಾದಷ್ಟೂ ಅದರ ವ್ಯಾಪ್ತಿ ಅಗಲ. ತುದಿಯ ಗುಂಡು ಈ ಅಗಲಕ್ಕೆ ನೆರವಾಗುತ್ತದೆ. ವಿಮಾನದಡಿ ನುಸುಳುವವರ ತಲೆಗೆ ಚೂಪು ತುದಿ ಚುಚ್ಚದಂತೆ ಕಾಯುವುದೂ ಅದೇ.

ಸೈನ್ಯದ ಈ ಸಾಧನ ನಾಗರಿಕರ ಕೈಗೆ ಬರಲು ಒಂದು ದುರಂತದ ಒತ್ತಡವೂ ಇತ್ತು. 1956ರ ಜೂನ್ 30ರಂದು ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಮೇಲೆ ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿಯಾಗಿ 128 ಜನ ಸತ್ತರು. ಆ ಆಕಾಶಭಾಗದಲ್ಲಿ ಅವುಗಳ ಮೇಲೆ ಯಾರ ಕಣ್ಣೂ ಇರಲಿಲ್ಲ. 1958ರ ಕಾನೂನು ಈಗ ಎಫ್‌ಎಎ ಎಂದು ಕರೆಯಲಾಗುವ ವಿಮಾನಯಾನ ನಿಯಂತ್ರಣ ಸಂಸ್ಥೆಯನ್ನು ಹುಟ್ಟುಹಾಕಿತು. ರೇಡಾರ್ ಜಾಲ ಬೆಳೆಯಿತು. ಪ್ರಶ್ನೆ ಕೇಳುವ ಸೈನ್ಯದ ವಿಧಾನಗಳಲ್ಲಿ ಮೂರನೆಯದೇ ನಾಗರಿಕರ ಎ ವಿಧಾನವಾಯಿತು. 8 ಮೈಕ್ರೋಸೆಕೆಂಡ್ ಅಂತರದ ಎರಡು ಸ್ಪಂದನ ಬಂದರೆ ಗುರುತಿನ ಸಂಖ್ಯೆ ಹೇಳಬೇಕು, 21 ಮೈಕ್ರೋಸೆಕೆಂಡ್ ಅಂತರದವು ಬಂದರೆ ಎತ್ತರ ಹೇಳಬೇಕು. ಸಂಖ್ಯೆಯ ನಾಲ್ಕು ಅಂಕಿಗಳೂ 0ಯಿಂದ 7ರವರೆಗೆ ಮಾತ್ರ, ಹಾಗಾಗಿ ಒಟ್ಟು 4096 ಸಂಕೇತಗಳು. ಎತ್ತರ ಹೇಳುವ ಎರಡನೆಯದಕ್ಕೆ ಸಿ ವಿಧಾನವೆಂದು ಹೆಸರು.

ಇಷ್ಟೆಲ್ಲ ನಡೆಯುವಾಗ ಮನೆಯಲ್ಲಿ ವಿಮಾನ ಕಟ್ಟುವವರಿಗೆ ಇದರ ಗೊಡವೆಯೇ ಇರಲಿಲ್ಲ. 1953ರಲ್ಲಿ ಪಾಲ್ ಪೊಬೆರೆಜ್ನಿ ಅಮೆರಿಕದ ಮಿಲ್ವಾಕಿಯಲ್ಲಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಕಟ್ಟಿದಾಗ ಅದರ ಸದಸ್ಯರ ವಿಮಾನಗಳೆಂದರೆ ಬಹುಮಟ್ಟಿಗೆ ಮರದ ರೆಕ್ಕೆ, ಉಕ್ಕಿನ ಕೊಳವೆಯ ಚೌಕಟ್ಟು, ಮೇಲೆ ಬಟ್ಟೆ. ಎಷ್ಟೋ ವಿಮಾನಗಳಲ್ಲಿ ಕೈಯಲ್ಲಿ ಪ್ರೊಪೆಲರ್ ತಿರುಗಿಸಿ ಚಾಲೂ ಮಾಡುವ ಎಂಜಿನ್ ಇತ್ತು, ಜನರೇಟರ್ ಇರಲಿಲ್ಲ. ವಿದ್ಯುತ್ತೇ ಇಲ್ಲದ ಕಡೆ ರೇಡಿಯೋ ಎಲ್ಲಿಂದ ಬರಬೇಕು! ನಿಯಮವೂ ಇದನ್ನು ಒಪ್ಪಿಕೊಂಡಿತ್ತು. ಎಂಜಿನ್ನಿನಿಂದ ನಡೆಯುವ ವಿದ್ಯುತ್ ವ್ಯವಸ್ಥೆ ಮೂಲದಲ್ಲೇ ಇಲ್ಲದ ವಿಮಾನಗಳಿಗೆ ಅಮೆರಿಕದಲ್ಲಿ ಟ್ರಾನ್ಸ್‌ಪಾಂಡರಿನ ವಿಷಯದಲ್ಲಿ ಇಂದಿಗೂ ಸಾಕಷ್ಟು ವಿನಾಯಿತಿ ಇದೆ.

1970ರ ದಶಕದಲ್ಲಿ ಚಿತ್ರ ಬದಲಾಯಿತು. ದೊಡ್ಡ ವಿಮಾನ ನಿಲ್ದಾಣಗಳ ಸುತ್ತ ಟ್ರಾನ್ಸ್‌ಪಾಂಡರ್ ಇಲ್ಲದವರಿಗೆ ಪ್ರವೇಶವಿಲ್ಲದ ವಲಯಗಳು ಬಂದವು. ಅದೇ ಹೊತ್ತಿಗೆ ಟ್ರಾನ್ಸಿಸ್ಟರುಗಳ ದಯೆಯಿಂದ ಉಪಕರಣ ಚಿಕ್ಕದಾಗಿ ಅಗ್ಗವೂ ಆಯಿತು. ಕಿಂಗ್ ಕಂಪನಿಯ ಕೆಟಿ-76, ನಾರ್ಕೊ ಕಂಪನಿಯ ಎಟಿ-150 ಆ ಕಾಲದ ಮನೆಮಾತು. ಉತ್ತರವನ್ನು ಹೊರಹಾಕುವ ಕಡೆಯ ಘಟ್ಟದಲ್ಲಿ ಮಾತ್ರ ಹಳೆಯ ಕಾಲದ ನಿರ್ವಾತ ಕೊಳವೆ ಉಳಿದಿತ್ತು. 1986ರ ಆಗಸ್ಟ್ 31ರಂದು ಲಾಸ್ ಏಂಜಲೀಸ್ ಬಳಿಯ ಸೆರಿಟೋಸ್ ಮೇಲೆ ಮೆಕ್ಸಿಕೋದ ಡಿಸಿ-9 ವಿಮಾನಕ್ಕೆ ಪುಟ್ಟ ಪೈಪರ್ ವಿಮಾನವೊಂದು ಡಿಕ್ಕಿಯಾಯಿತು. ವಿಮಾನಗಳಲ್ಲಿದ್ದ 67, ನೆಲದ ಮೇಲಿದ್ದ 15, ಒಟ್ಟು 82 ಜನ ಸತ್ತರು. ಪೈಪರ್‌ನಲ್ಲಿ ಟ್ರಾನ್ಸ್‌ಪಾಂಡರ್ ಇತ್ತು, ಅದು ಎತ್ತರ ಹೇಳುತ್ತಿರಲಿಲ್ಲ. ಪರಿಣಾಮವಾಗಿ 1989ರಿಂದ ಅಮೆರಿಕದ ಮುಖ್ಯ ವಿಮಾನ ನಿಲ್ದಾಣಗಳ ಸುತ್ತ 30 ನಾಟಿಕಲ್ ಮೈಲಿಯೊಳಗೆ ಸಿ ವಿಧಾನ ಕಡ್ಡಾಯವಾಯಿತು. ಊರ ಹೊರಗಿನ ಸಣ್ಣ ರನ್‌ವೇಗಳಲ್ಲಿ ಹಾರಾಡಿಕೊಂಡಿದ್ದ ಅನೇಕ ಹವ್ಯಾಸಿಗಳು ಒಮ್ಮೆಲೇ ಈ ವೃತ್ತದೊಳಗೆ ಸಿಕ್ಕಿಬಿದ್ದರು. ಅವರ ವಿಮಾನದ ಹೊಟ್ಟೆಗೆ ಕಡ್ಡಿ ಬಂದದ್ದು ಬಯಸಿ ಅಲ್ಲ.

ಅಲ್ಯೂಮಿನಿಯಂ ವಿಮಾನ ಕಟ್ಟಿದವರಿಗೆ ಕೆಲಸ ಸುಲಭ. ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ 1970ರ ದಶಕದಲ್ಲಿ ಆರಂಭಿಸಿದ ಆರ್‌ವಿ ಸರಣಿಯ ಕಿಟ್‌ಗಳು ಹವ್ಯಾಸಿಗಳಲ್ಲಿ ಲೋಹದ ವಿಮಾನವನ್ನು ಜನಪ್ರಿಯಗೊಳಿಸಿದವು. ಅವುಗಳ ಇಡೀ ಮೈಯೇ ವಾಹಕ. ಕಾಲು ತರಂಗದ ಕಡ್ಡಿಯಲ್ಲಿ ವಿದ್ಯುತ್ ಓಡಾಡಬೇಕಾದರೆ ಅದರ ಬುಡದ ಸುತ್ತ ಪ್ರತಿಯಾಗಿ ಹರಿಯುವ ವಿದ್ಯುತ್ತಿಗೆ ಒಂದು ಲೋಹದ ಬಯಲು ಬೇಕು. ಇದನ್ನೇ ಗ್ರೌಂಡ್ ಪ್ಲೇನ್ ಎನ್ನುತ್ತಾರೆ. ನೀರಿನಲ್ಲಿ ಮರದ ಪ್ರತಿಬಿಂಬ ಕಾಣುವಂತೆ ಈ ಬಯಲು ಕಡ್ಡಿಗೆ ಒಂದು ಜೋಡಿಯನ್ನು ಕೊಡುತ್ತದೆ. ಲೋಹದ ವಿಮಾನದಲ್ಲಿ ಒಂದು ತೂತು ಕೊರೆದು, ಆ ಜಾಗದ ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗಿಸಿ, ನಟ್ ಬಿಗಿದರೆ ಆಂಟೆನಾ ಸಿದ್ಧ. ತಗಡು ಒಂದು ಮಿಲಿಮೀಟರಿಗಿಂತ ತೆಳ್ಳಗಿರುವುದರಿಂದ ಒಳಗಡೆ ಒಂದು ಬಲವರ್ಧಕ ತಗಡನ್ನು ರಿವೆಟ್ ಮಾಡುವುದು ವಾಡಿಕೆ. ಅದಿಲ್ಲದಿದ್ದರೆ ಗಾಳಿಯ ಅದುರಿಕೆಗೆ ತೂತಿನ ಅಂಚು ಬಿರುಕು ಬಿಡುತ್ತದೆ.

ಕಷ್ಟವಿದ್ದದ್ದು ಕೊರೆಯುವುದರಲ್ಲಿ ಅಲ್ಲ, ಜಾಗ ಗೊತ್ತುಮಾಡುವುದರಲ್ಲಿ. ರೇಡಾರ್ ನೆಲದಲ್ಲಿದೆಯಾದ್ದರಿಂದ ಕಡ್ಡಿ ಹೊಟ್ಟೆಯಡಿ ಇರಬೇಕು. ಅದು ನೆಟ್ಟಗೆ ಕೆಳಮುಖವಾಗಿರಬೇಕು, ಏಕೆಂದರೆ ಇಡೀ ವ್ಯವಸ್ಥೆ ಲಂಬ ಧ್ರುವೀಕರಣದ ತರಂಗಗಳನ್ನು ಬಳಸುತ್ತದೆ. ಚಕ್ರದ ಕಾಲು, ಎಕ್ಸಾಸ್ಟ್ ಕೊಳವೆ, ಇತರ ಆಂಟೆನಾಗಳು ಹತ್ತಿರವಿದ್ದರೆ ಆ ದಿಕ್ಕಿಗೆ ನೆರಳು ಬಿದ್ದು ರೇಡಾರಿಗೆ ವಿಮಾನ ಆಗಾಗ ಮರೆಯಾಗುತ್ತದೆ. ಎಂಜಿನ್ನಿಗೆ ತೀರ ಹತ್ತಿರವಾದರೆ ಬ್ರೀದರ್ ಕೊಳವೆಯ ಎಣ್ಣೆ, ಎಕ್ಸಾಸ್ಟಿನ ಮಸಿ ಹಿಂದಕ್ಕೆ ಹರಿದು ಕಡ್ಡಿಯ ಬುಡದಲ್ಲಿ ಪದರ ಕಟ್ಟುತ್ತದೆ, ಉತ್ತರ ದುರ್ಬಲವಾಗುತ್ತದೆ. ಸೀಟಿನ ನೇರ ಕೆಳಗೆ ಬೇಡವೆಂಬ ಕಿವಿಮಾತೂ ಹಳೆಯದು. ಸ್ಪಂದನದ ತುದಿಶಕ್ತಿ 200 ವಾಟ್ ಇದ್ದರೂ ಅದು ಮೈಕ್ರೋಸೆಕೆಂಡಿನ ಅರ್ಧದಷ್ಟು ಮಾತ್ರ ಉಳಿಯುವುದರಿಂದ ಸರಾಸರಿ ತೀರ ಕಡಿಮೆ. ಆದರೂ ಅಷ್ಟರ ಮೇಲೆ ಗಂಟೆಗಟ್ಟಲೆ ಕೂರಲು ಯಾರಿಗೂ ಮನಸ್ಸಾಗಲಿಲ್ಲ. ಇದಕ್ಕಿಂತ ದೊಡ್ಡ ತೊಡಕು ಕಟ್ಟುವ ಕ್ರಮದ್ದು. ಹವ್ಯಾಸಿಯು ರೇಡಿಯೋ ಸಾಮಾನು ಕೊಳ್ಳುವುದು ಎಲ್ಲಕ್ಕಿಂತ ಕಡೆಗೆ, ಕೈಯಲ್ಲಿ ಹಣ ಕೂಡಿದಾಗ. ಆದರೆ ತಳದ ಹಲಗೆಗಳನ್ನು ರಿವೆಟ್ ಮಾಡಿ ಮುಚ್ಚುವುದು ವರ್ಷಗಳ ಮೊದಲು. ಮುಚ್ಚಿದ ಮೇಲೆ ಕೇಬಲ್ಲಿನ ತುದಿಗೆ ಕೈ ತಲುಪುವುದಿಲ್ಲ. ಈ ಅನುಭವದಿಂದಲೇ ಟ್ರಾನ್ಸ್‌ಪಾಂಡರ್ ಯಾವುದೆಂದು ಗೊತ್ತಿಲ್ಲದಿದ್ದರೂ ಆಂಟೆನಾದ ಜಾಗ ಮೊದಲೇ ಕೊರೆದಿಡುವ, ಕೇಬಲ್ ಎಳೆದಿಡುವ ರೂಢಿ ಬೆಳೆಯಿತು.

ಗುಂಡುಕಡ್ಡಿಯ ಜೊತೆಗೆ ಮೀನಿನ ಈಜುರೆಕ್ಕೆಯ ಆಕಾರದ ಇನ್ನೊಂದು ಮಾದರಿಯೂ ಮಾರುಕಟ್ಟೆಯಲ್ಲಿದೆ. ಗಾಳಿಗೆ ಅದರ ಅಡ್ಡಿ ಕಡಿಮೆ, ಬೆಲೆ ಹಲವು ಪಟ್ಟು ಹೆಚ್ಚು. ನಿಧಾನದ ವಿಮಾನದಲ್ಲಿ ಈ ವ್ಯತ್ಯಾಸವನ್ನು ಅಳೆಯುವುದೇ ಕಷ್ಟ. ಅದರ ನಿಜವಾದ ಲಾಭ ಬೇರೆ: ಹೊಟ್ಟೆಯ ಎಣ್ಣೆ ಒರೆಸುವವರ ಬಟ್ಟೆ ಸಿಕ್ಕಿಕೊಂಡು ಕಡ್ಡಿ ಬಗ್ಗುವಂತೆ ಅದು ಬಗ್ಗುವುದಿಲ್ಲ.

ಬಟ್ಟೆ ಮತ್ತು ಮರದ ವಿಮಾನಗಳಲ್ಲಿ ಮೈ ವಾಹಕವಲ್ಲ. ಅಲ್ಲಿ ಕೊಳವೆಗಳ ನಡುವೆ ಅಲ್ಯೂಮಿನಿಯಂ ತಟ್ಟೆಯೊಂದನ್ನು ಕೂರಿಸಿ, ಅದರ ನಡುವಿನಿಂದ ಕಡ್ಡಿಯನ್ನು ಬಟ್ಟೆಯ ಹೊರಗೆ ಚಾಚುವುದು ಪದ್ಧತಿ. ತಟ್ಟೆಯ ತ್ರಿಜ್ಯ ಕನಿಷ್ಠ ಕಾಲು ತರಂಗ, ಅಂದರೆ ವ್ಯಾಸ ಸುಮಾರು 14 ಸೆಂಟಿಮೀಟರ್. ಇನ್ನೂ ದೊಡ್ಡದಾದರೆ ಒಳ್ಳೆಯದು. ತಟ್ಟೆಯೇ ಇಲ್ಲದಿದ್ದರೆ ಕೇಬಲ್ಲಿನ ಹೊರಹೆಣಿಗೆ ಆ ಕೆಲಸವನ್ನು ವಹಿಸಿಕೊಂಡು, ಉತ್ತರದ ಒಂದಷ್ಟು ಭಾಗ ವಿಮಾನದೊಳಗೇ ಚೆಲ್ಲಿಹೋಗುತ್ತದೆ. ಹೆಡ್‌ಫೋನಿನಲ್ಲಿ ಗುರುಗುಟ್ಟುವ ಸದ್ದು ಕೇಳಿ, ರೇಡಿಯೋ ಕೆಟ್ಟಿದೆಯೆಂದು ಹುಡುಕಾಡಿದವರಿಗೆ ಕಾರಣ ಎಷ್ಟೋ ಸಲ ಇಲ್ಲಿ ಸಿಕ್ಕಿದೆ.

ನಿಜವಾದ ತಿರುವು ಪ್ಲಾಸ್ಟಿಕ್ ವಿಮಾನಗಳದು. ಬರ್ಟ್ ರುಟಾನ್ 1975ರಲ್ಲಿ ವೇರಿ-ಈಜಿ, 1979ರಲ್ಲಿ ಲಾಂಗ್-ಈಜಿ ಹಾರಿಸಿದರು. ಫೋಮ್ ಗಟ್ಟಿಯನ್ನು ಬಿಸಿ ತಂತಿಯಲ್ಲಿ ಕತ್ತರಿಸಿ, ಮೇಲೆ ಗಾಜಿನ ನಾರಿನ ಬಟ್ಟೆಯನ್ನೂ ಎಪಾಕ್ಸಿಯನ್ನೂ ಹಚ್ಚಿ ಕಟ್ಟುವ ವಿಧಾನಕ್ಕೆ ಅಚ್ಚು ಬೇಡ, ದೊಡ್ಡ ಯಂತ್ರ ಬೇಡ. ಗಾಜಿನ ನಾರು ರೇಡಿಯೋ ತರಂಗಗಳಿಗೆ ಪಾರದರ್ಶಕ. ಆಂಟೆನಾಗಳನ್ನೆಲ್ಲ ಮೈಯೊಳಗೇ ಹುದುಗಿಸಿ, ಹೊರಗೆ ಒಂದು ಕಡ್ಡಿಯೂ ಕಾಣದಂತೆ ಮಾಡಬಹುದು ಎಂಬ ಆಸೆ ಇಲ್ಲಿಂದ ಹುಟ್ಟಿತು. ಕ್ಯಾಲಿಫೋರ್ನಿಯಾದ ರೇಡಿಯೋ ಎಂಜಿನಿಯರ್ ಜಿಮ್ ವೇರ್ ತಾಮ್ರದ ಹಾಳೆಯ ಪಟ್ಟಿಗಳನ್ನು ಗಾಜಿನ ನಾರಿನ ಪದರದಡಿ ಅಂಟಿಸಿ, ಕೇಬಲ್ಲಿಗೆ ಫೆರೈಟ್ ಉಂಗುರಗಳನ್ನು ಪೋಣಿಸುವ ಸರಳ ಉಪಾಯವನ್ನು ಹವ್ಯಾಸಿಗಳಿಗೆ ಕಲಿಸಿದರು. ಮಾತಿನ ರೇಡಿಯೋಗೆ ಇದು ಸೊಗಸಾಗಿ ಹೊಂದಿತು. ಅಲ್ಲಿ ಕಾಲು ತರಂಗ ಅರ್ಧ ಮೀಟರಿಗೂ ಹೆಚ್ಚು, ಹಾಗಾಗಿ ಒಂದೆರಡು ಮಿಲಿಮೀಟರಿನ ತಪ್ಪು ಲೆಕ್ಕಕ್ಕಿಲ್ಲ. ಏಳು ಸೆಂಟಿಮೀಟರಿನ ಟ್ರಾನ್ಸ್‌ಪಾಂಡರ್ ಆಂಟೆನಾದಲ್ಲಿ ಅದೇ ತಪ್ಪು ದುಬಾರಿ. ಹಾಗಾಗಿ ಪ್ಲಾಸ್ಟಿಕ್ ವಿಮಾನಗಳಲ್ಲೂ ಹಳೆಯ ಕಡ್ಡಿಯೇ ಉಳಿಯಿತು. ತಟ್ಟೆ ಒಳಗೆ, ಕಡ್ಡಿ ಹೊರಗೆ. ಕೆಲವರು ಕಡ್ಡಿ ತಟ್ಟೆ ಎರಡನ್ನೂ ಒಳಗೇ ಅಡಗಿಸಿದರು. ಆಗ ಪೈಲಟ್‌ನ ದೇಹ, ಬ್ಯಾಟರಿ, ಇಂಧನ ಎಲ್ಲವೂ ನೆರಳು ಬೀಳಿಸುವ ವಸ್ತುಗಳಾದವು.

ರುಟಾನ್‌ರ ಲಾಂಗ್-ಈಜಿ ವಿನ್ಯಾಸಕ್ಕೆ ಕರ್ನಾಟಕದ ನಂಟೂ ಇದೆ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಅಂದರೆ ಎನ್‌ಎಎಲ್, 1987ರಲ್ಲಿ ಹಾರಿಸಿದ ಪ್ರಾಯೋಗಿಕ ವಿಮಾನ ಎಲ್‌ಸಿಆರ್‌ಎ ಲಾಂಗ್-ಈಜಿ ಮಾದರಿಯದು. ಹವ್ಯಾಸಿಗಳಿಗಾಗಿ ಬರೆದ ನಕ್ಷೆ ಒಂದು ರಾಷ್ಟ್ರೀಯ ಪ್ರಯೋಗಾಲಯಕ್ಕೆ ನಾರುಬಲಿತ ಪ್ಲಾಸ್ಟಿಕ್ ವಿಮಾನದ ಅಭ್ಯಾಸ ಮಾಡಿಸಿತು. ಅಲ್ಲಿಯೇ ರೂಪುಗೊಂಡ ಎರಡು ಸೀಟಿನ ಹಂಸ ಮೊದಲು ಹಾರಿದ್ದು 1993ರಲ್ಲಿ. ಅದರ ಮೈಯೂ ಲೋಹದ್ದಲ್ಲ.

ಕಾರ್ಬನ್ ನಾರಿನದು ಬೇರೆಯೇ ಕಥೆ. ಅದು ಗಾಜಿನಂತೆ ಪಾರದರ್ಶಕವೂ ಅಲ್ಲ, ಅಲ್ಯೂಮಿನಿಯಂನಷ್ಟು ಒಳ್ಳೆಯ ವಾಹಕವೂ ಅಲ್ಲ. ಅದರೊಳಗೆ ಆಂಟೆನಾ ಬಚ್ಚಿಟ್ಟರೆ ತರಂಗ ಹೊರಗೆ ಬರುವುದಿಲ್ಲ. ಹೊರಗೆ ನೆಟ್ಟರೆ ಮೇಲ್ಮೈಯ ಎಪಾಕ್ಸಿ ಪದರ ನಿರೋಧಕವಾಗಿ ಅಡ್ಡ ಬರುತ್ತದೆ. ಆದ್ದರಿಂದ ಒಳಮೈಗೆ ತಾಮ್ರದ ಬಲೆಯನ್ನೋ ಅಲ್ಯೂಮಿನಿಯಂ ತಗಡನ್ನೋ ಅಂಟಿಸಿ, ಆಂಟೆನಾದ ಬುಡವನ್ನು ಸ್ಕ್ರೂಗಳ ಮೂಲಕ ಅದಕ್ಕೆ ಕೂಡಿಸಬೇಕಾಯಿತು. ಅಲ್ಯೂಮಿನಿಯಂ ಮತ್ತು ಕಾರ್ಬನ್ ನೇರ ತಾಗಿ ತೇವ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ನಡುವೆ ಗಾಜಿನ ನಾರಿನ ತೆಳು ಪದರ ಇಡುವುದು ಇದಕ್ಕಾಗಿ.

ಆಂಟೆನಾ ಎಷ್ಟೇ ಚೆನ್ನಾಗಿದ್ದರೂ ಕೇಬಲ್ ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. ಬಹುಕಾಲ ಹವ್ಯಾಸಿಗಳು ಬಳಸಿದ್ದು ಆರ್‌ಜಿ-58. 1090 ಮೆಗಾಹರ್ಟ್ಸ್‌ನಲ್ಲಿ ಅದು ಮೀಟರಿಗೆ ಅರ್ಧ ಡೆಸಿಬೆಲ್‌ಗೂ ಹೆಚ್ಚು ನುಂಗುತ್ತದೆ. ಐದಾರು ಮೀಟರು ಎಳೆದರೆ ಹೊರಟ ಶಕ್ತಿಯ ಅರ್ಧವೇ ಹೋಯಿತು. 15,000 ಅಡಿಗಿಂತ ಕೆಳಗೆ ಹಾರುವ ಸಣ್ಣ ವಿಮಾನಕ್ಕೆ ಕೇಬಲ್ಲಿನ ಆಂಟೆನಾ ಕಡೆಯ ತುದಿಯಲ್ಲಿ 70 ವಾಟ್ ತುದಿಶಕ್ತಿ ಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಹಳೆಯ ಟ್ರಾನ್ಸ್‌ಪಾಂಡರಿನ ಕೊಳವೆ ಸವೆದು, ಕೇಬಲ್ಲೂ ನುಂಗಿದರೆ ಆ ಗಡಿ ದಾಟುವುದೇ ಕಷ್ಟ. ಶಾಖ ಬಿದ್ದರೆ ಆರ್‌ಜಿ-58ರ ಒಳನಿರೋಧಕ ಮೆತ್ತಗಾಗಿ ನಡುತಂತಿ ಓರೆಯಾಗುತ್ತದೆ. ಈ ಕಾರಣಗಳಿಂದ ಬೆಳ್ಳಿಲೇಪದ ಇಮ್ಮಡಿ ಹೆಣಿಗೆ ಮತ್ತು ಟೆಫ್ಲಾನ್ ನಿರೋಧಕದ ಆರ್‌ಜಿ-400 ಕ್ರಮೇಣ ಮಾಮೂಲಾಯಿತು. ಕೇಬಲ್ಲನ್ನು ಆದಷ್ಟು ಗಿಡ್ಡವಾಗಿ, ಚೂಪು ತಿರುವಿಲ್ಲದೆ ಎಳೆಯುವುದು ಎಲ್ಲ ಕೈಪಿಡಿಗಳೂ ಹೇಳುವ ಮಾತು. ಉಪಕರಣ ಮತ್ತು ಎತ್ತರದ ಸಂಕೇತ ಸರಿಯಿದೆಯೇ ಎಂದು ಅಮೆರಿಕದಲ್ಲಿ ಪ್ರತಿ 24 ತಿಂಗಳಿಗೊಮ್ಮೆ ಪರೀಕ್ಷಿಸಬೇಕು, ವಿಮಾನ ಮನೆಯಲ್ಲಿ ಕಟ್ಟಿದ್ದಾದರೂ ಸರಿ.

ಈ ನಡುವೆ ಪ್ರಶ್ನೆ ಕೇಳುವವರು ಹೆಚ್ಚಿದರು. ಸೆರಿಟೋಸ್ ನಂತರ ಅಮೆರಿಕದಲ್ಲಿ 1987ರ ಕಾನೂನು ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಡಿಕ್ಕಿ ತಪ್ಪಿಸುವ ಟಿಕ್ಯಾಸ್ ಉಪಕರಣವನ್ನು ಕಡ್ಡಾಯ ಮಾಡಿತು. ಭಾರತದಲ್ಲಿ ಆ ಪಾಠ ಬಂದದ್ದು 1996ರ ನವೆಂಬರ್ 12ರಂದು, ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿ ಮತ್ತು ಕಜಾಕ್ ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತಾಗ. ದೆಹಲಿಯ ರೇಡಾರ್ ಆಗ ಎತ್ತರ ತೋರಿಸುತ್ತಿರಲಿಲ್ಲ. ಟಿಕ್ಯಾಸ್ ಹೊತ್ತ ವಿಮಾನ ಸುತ್ತಲಿನ ಟ್ರಾನ್ಸ್‌ಪಾಂಡರ್‌ಗಳನ್ನು ತಾನೇ ಪ್ರಶ್ನಿಸುತ್ತದೆ. ಹೀಗೆ ನೆಲಕ್ಕೆಂದು ಹೊಟ್ಟೆಯಡಿ ನೆಟ್ಟ ಕಡ್ಡಿ, ಮೇಲಿಂದ ಬರುವ ವಿಮಾನಕ್ಕೂ ಉತ್ತರಿಸಬೇಕಾಯಿತು. ನಡುವೆ ವಿಮಾನದ ಮೈಯೇ ಮರೆ.

2020ರ ಜನವರಿ 1ರಿಂದ ಅಮೆರಿಕದ ಹೆಚ್ಚಿನ ನಿಯಂತ್ರಿತ ವಲಯಗಳಲ್ಲಿ ಎಡಿಎಸ್-ಬಿ ಕಡ್ಡಾಯವಾಯಿತು. ಯಾರೂ ಕೇಳದಿದ್ದರೂ ವಿಮಾನ ತನ್ನ ಜಿಪಿಎಸ್ ಸ್ಥಾನವನ್ನು ತಾನೇ ಸಾರುತ್ತಿರಬೇಕು. ಅದಕ್ಕೆ 1090 ಮೆಗಾಹರ್ಟ್ಸನ್ನೇ ಬಳಸಬಹುದು, 18,000 ಅಡಿಗಿಂತ ಕೆಳಗೆ 978 ಮೆಗಾಹರ್ಟ್ಸ್ ಕೂಡ ಆಗುತ್ತದೆ. ಹವ್ಯಾಸಿ ವಿಮಾನಗಳಿಗೆ ಇಲ್ಲೊಂದು ಸಡಿಲಿಕೆ ಸಿಕ್ಕಿತು: ಉಪಕರಣ ಪ್ರಮಾಣಪತ್ರ ಹೊಂದಿರಲೇಬೇಕಿಲ್ಲ, ನಿಗದಿತ ಗುಣಮಟ್ಟದಲ್ಲಿ ಕೆಲಸ ಮಾಡಿದರೆ ಸಾಕು. ಹಾರಿ ಇಳಿದ ಮೇಲೆ ತನ್ನ ವಿಮಾನದ ಸಂಕೇತ ಹೇಗಿತ್ತೆಂಬ ವರದಿಯನ್ನು ಮಾಲೀಕ ಎಫ್‌ಎಎಯಿಂದ ಉಚಿತವಾಗಿ ತರಿಸಿಕೊಳ್ಳಬಹುದು. ಬಾಲದ ದೀಪದ ಜಾಗದಲ್ಲೇ ಕೂರುವ, ಆಂಟೆನಾ ಜಿಪಿಎಸ್ ಎಲ್ಲ ಒಂದಾದ ಪುಟ್ಟ ಘಟಕಗಳೂ ಬಂದವು. ಅವುಗಳಿಗೆ ಪ್ರತ್ಯೇಕ ತೂತು ಬೇಡ, ಉದ್ದದ ಕೇಬಲ್ ಬೇಡ.

ಕೆನಡಾದಲ್ಲಿ ಕೇಳುವ ಕಿವಿಗಳೇ ಆಕಾಶಕ್ಕೇರಿದವು. ವಿಶಾಲ ಉತ್ತರ ಭಾಗದಲ್ಲಿ ನೆಲದ ರೇಡಾರ್‌ಗಳನ್ನು ನಿಲ್ಲಿಸುವ ಬದಲು ಅಲ್ಲಿನ ಸಂಚಾರ ನಿಯಂತ್ರಣ ಸಂಸ್ಥೆ ಇರಿಡಿಯಂ ಉಪಗ್ರಹಗಳ ಮೇಲಿನ ಗ್ರಾಹಕಗಳಿಂದ ಎಡಿಎಸ್-ಬಿ ಸಂಕೇತ ಹಿಡಿಯುತ್ತದೆ. 2023ರ ಆಗಸ್ಟ್‌ನಿಂದ ಎತ್ತರದ ವಾಯುವಲಯಕ್ಕೆ, 2024ರಲ್ಲಿ ಅದರ ಕೆಳಗಿನ ವಲಯಕ್ಕೆ, ಉಪಗ್ರಹಕ್ಕೆ ಕೇಳಿಸುವ ಎಡಿಎಸ್-ಬಿ ಇರಲೇಬೇಕೆಂಬ ನಿಯಮ ಅನ್ವಯವಾಯಿತು. ಹೊಟ್ಟೆಯಡಿಯ ಒಂದೇ ಕಡ್ಡಿ ಇದಕ್ಕೆ ಸಾಲದು. ಮೇಲೊಂದು, ಕೆಳಗೊಂದು ಆಂಟೆನಾ ಇಟ್ಟು, ಪ್ರಶ್ನೆ ಯಾವುದರಲ್ಲಿ ಬಲವಾಗಿ ಕೇಳಿಸಿತೋ ಅದರಿಂದಲೇ ಉತ್ತರಿಸುವ ಮತ್ತು ಸ್ವಯಂಪ್ರಸಾರವನ್ನು ಎರಡರಲ್ಲೂ ಸರದಿಯಂತೆ ಕಳಿಸುವ ಟ್ರಾನ್ಸ್‌ಪಾಂಡರ್ ಬೇಕು. ಇಲ್ಲವೇ ಮೇಲಕ್ಕೂ ಕೆಳಕ್ಕೂ ಹರಡುವ ಬಾಲದ ಘಟಕ ಹಾಕಬೇಕು. ಎರಡು ಆಂಟೆನಾ ಎಂದರೆ ಲೋಹದ ವಿಮಾನದಲ್ಲಿ ಇನ್ನೊಂದು ತೂತು, ಇನ್ನೊಂದು ಕೇಬಲ್. ಗಾಜಿನ ನಾರಿನ ವಿಮಾನದಲ್ಲಿ, ಅದೆಲ್ಲದರ ಜೊತೆಗೆ, ಪೈಲಟ್‌ನ ಹಿಂದಿನ ಮೇಲ್ಮೈಯ ಒಳಗೆ ಅಂಟಿಸಬೇಕಾದ ಎರಡನೆಯ ತಟ್ಟೆ.